ಪರದೆಯ ಮೇಲಿನ ಹಳೆಯ ಊರು

ಕೆಲಸಕ್ಕೆ ಸೇರಿದ ದಿನ ಫಿಕ್ರಿ ಮಾವ ನನ್ನನ್ನು ಗೋಡೆಯ ದೊಡ್ಡ ಪರದೆಯ ಮುಂದೆ ನಿಲ್ಲಿಸಿದರು. "ನೋಡು ನಬ್ರಾ, ಹಸಿರಿದ್ರೆ ಸುಮ್ನೆ ಕೂತಿರು. ಕೆಂಪಾದ್ರೆ ಫೋನ್ ಮಾಡು. ಹಳದಿ ಆದ್ರೆ ನನ್ನ ಮುಖ ನೋಡು" ಎಂದರು. ಎಂಟನೇ ತರಗತಿಗೆ ಶಾಲೆ ಬಿಟ್ಟವಳಿಗೆ ಅಷ್ಟು ಪಾಠ ಸಾಕಾಯಿತು. ಅಲ್ಲಿ ಮಾತಾಡುವ ಅಗತ್ಯವೂ ಹೆಚ್ಚಿರಲಿಲ್ಲ, ನನಗದು ಹಿತವಾಗಿತ್ತು.

ನಮ್ಮ ಕಚೇರಿ ಅಸ್ವಾನಿನ ನದಿ ರಸ್ತೆಯ ಹಿಂದಿನ ಓಣಿಯಲ್ಲಿದೆ. ಹೋಟೆಲುಗಳ ಮತ್ತು ಪ್ರವಾಸಿ ಹಡಗುಗಳ ಕಂಪ್ಯೂಟರುಗಳು ಕೆಟ್ಟು ನಿಂತಿವೆಯೇ ಎಂದು ಇಲ್ಲಿಂದಲೇ ಕಾಯುತ್ತೇವೆ. ಒಂದೊಂದು ಕಂಪ್ಯೂಟರಿಗೂ ಪರದೆಯ ಮೇಲೊಂದು ದೀಪ. ಬೇರೆ ಕಡೆ ಆ ದೀಪಗಳು ಸಾಲಾಗಿ ನಿಂತಿರುತ್ತವಂತೆ. ನಮ್ಮಲ್ಲಿ ನದಿಯಿತ್ತು. ಫಿಕ್ರಿ ಮಾವ ನೀಲಿ ಗೆರೆಯಲ್ಲಿ ನೈಲ್ ನದಿಯ ಒಂದು ತಿರುವನ್ನು ಬರೆದು, ಅದರ ಎರಡೂ ದಡಕ್ಕೆ ದೀಪಗಳನ್ನು ಹಂಚಿದ್ದರು. ಅಣೆಕಟ್ಟಿನ ನೀರಲ್ಲಿ ಮುಳುಗಿದ ತಮ್ಮ ನೂಬಿಯಾದ ಊರಿನ ಕೇರಿಗಳ ಹೆಸರನ್ನೇ ಅವಕ್ಕೆ ಇಟ್ಟಿದ್ದರು: ಆರ್ತಿ, ಮುಲ್ಲೆ, ದೋಗ್ರಿ, ಫೆಂಟಿ, ಕುಬ್ಬಾ, ಹೀಗೆ ಇನ್ನೂ ಬಹಳ.

ಅವರು ಹುಟ್ಟಿದ್ದು ನೀರು ಬಂದ ಮೇಲೆ, ಸರ್ಕಾರ ಕಟ್ಟಿಕೊಟ್ಟ ಸಾಲುಮನೆಯಲ್ಲಿ. ಹಳೆಯ ಊರನ್ನು ಅವರು ಕಂಡವರಲ್ಲ. ಯಾವ ಕೇರಿ ಯಾವ ದಡದಲ್ಲಿತ್ತು, ಎಲ್ಲಿ ಬಂಡೆ, ಎಲ್ಲಿ ಖರ್ಜೂರದ ತೋಪು ಎಂದು ಅವರ ಅಪ್ಪನೂ ಅಪ್ಪನ ಗೆಳೆಯರೂ ಜಗಲಿಯ ಮೇಲೆ ಜಗಳವಾಡುತ್ತ ಹೇಳಿಕೊಟ್ಟಿದ್ದರು. ಮಾವ ತಿದ್ದಿ ತಿದ್ದಿ ಬರೆದಿದ್ದರು. ಆ ಮುದುಕರಲ್ಲಿ ಈಗ ಯಾರೂ ಉಳಿದಿಲ್ಲ.

"ಮಾವ, ದೋಗ್ರಿ ಬಿತ್ತು" ಎಂದು ನಾನು ಕೂಗಿದರೆ, "ಅದು ಬಿದ್ದು ಅರವತ್ತು ವರ್ಷ ಆಯ್ತಲ್ಲೇ, ನೀನೀಗ ನೋಡಿದ್ಯಾ?" ಎಂದು ನಗುತ್ತಲೇ ಎದ್ದು ಬರುತ್ತಿದ್ದರು.

ಆ ಚಳಿಗಾಲ ಅವರ ತಾಯಿ ಹಾಜ್ಜಾ ದಹಬಾಗೆ ಕಣ್ಣಿನ ಪೊರೆ ತೆಗೆಸಿದ್ದರು. ಮಗ ಊರನ್ನು ಗೋಡೆಗೆ ಹಚ್ಚಿದ್ದಾನೆಂದು ಆಕೆ ಕೇಳಿದ್ದರೇ ಹೊರತು ನೋಡುವಷ್ಟು ಕಣ್ಣಿರಲಿಲ್ಲ. "ಪಟ್ಟಿ ಬಿಚ್ಚಿದ ಗುರುವಾರವೇ ಕರ್ಕೊಂಡು ಬರ್ತೀನಿ" ಎಂದು ಮಾವ ನನಗೇ ಹಲವು ಸಲ ಹೇಳಿದ್ದರು. ಹೇಳುವಾಗ ಕರವಸ್ತ್ರದಿಂದ ಪರದೆಯ ದೂಳು ಒರೆಸುತ್ತಿದ್ದರು.

ಅದೇ ವಾರದ ಮೊದಲಿಗೆ ಕೈರೋದಿಂದ ಹಾಝಿಮ್ ಬಂದ. ಕಂಪ್ಯೂಟರುಗಳನ್ನು ಕಾಯುವ ತಂತ್ರಾಂಶ ಹಳೆಯದಾಗಿದೆ, ಹೊಸದನ್ನು ಹಾಕಬೇಕು ಎಂದು ಮುಖ್ಯ ಕಚೇರಿ ಅವನನ್ನು ಕಳಿಸಿತ್ತು. ಒಳ್ಳೆಯ ಹುಡುಗ. ನನಗೂ ಎದ್ದು ನಿಂತು ನಮಸ್ಕಾರ ಹೇಳಿದ.

"ಉಸ್ತಾದ್ ಫಿಕ್ರಿ, ಇದರಲ್ಲಿ ನೀವು ನಿಮಗೆ ಬೇಕಾದ ಹಾಗೆ ಮಾಡ್ಕೊಂಡ ಬದಲಾವಣೆ ಎಲ್ಲ ಹೇಳ್ಬಿಡಿ" ಎಂದು ಅವನು ಕುರ್ಚಿ ಎಳೆದುಕೊಂಡ. "ತಂತ್ರಾಂಶದ ಒಳಗೇ ಕೈ ಹಾಕಿ ತಿದ್ದಿದ್ದು ಬಾಡಿಗೆ ಮನೆ ಗೋಡೆಗೆ ಕಪಾಟು ಹೊಡೆದ ಹಾಗೆ. ಮಾಲೀಕ ಗೋಡೆ ಒಡೆದು ಕಟ್ಟಿದ್ರೆ ಕಪಾಟೂ ಹೋಯ್ತು. ನಿಮ್ಮ ಸಾಮಾನು ನಿಮ್ಮ ಪೆಟ್ಟಿಗೇಲಿದ್ರೆ ಎತ್ಕೊಂಡು ಹೊಸ ಮನೆಗೆ ಹೋಗಬಹುದು. ಹೇಳಿ, ಒಂದೊಂದೇ ಪೆಟ್ಟಿಗೆಗೆ ಹಾಕ್ತೀನಿ."

ಮಾವ ಹೇಳಿದರು. ನದಿಯ ಎಸ್ನಾ ಅಣೆಕಟ್ಟೆಯ ಬಾಗಿಲು ದಾಟುವಾಗ ಹಡಗುಗಳ ಸಂಪರ್ಕ ತಪ್ಪುತ್ತದೆ, ಆಗ ಗಂಟೆ ಹೊಡೆಯಬಾರದು. ರಮದಾನಿನಲ್ಲಿ ಸೂರ್ಯ ಮುಳುಗಿದ ಕೂಡಲೇ ಊಟದ ಬಿಲ್ಲುಗಳೆಲ್ಲ ಒಟ್ಟಿಗೇ ನುಗ್ಗಿ ಯಂತ್ರಗಳು ತೆವಳುತ್ತವೆ, ಅದನ್ನು ಕಾಯಿಲೆ ಎಂದು ತಿಳಿಯಬಾರದು. ಶುಕ್ರವಾರ ಮಧ್ಯಾಹ್ನ ಮೊದಲ ಫೋನ್ ಯಾರಿಗೆ, ಅವರು ಎತ್ತದಿದ್ದರೆ ಯಾರಿಗೆ. ಹಾಝಿಮ್ ಎಲ್ಲವನ್ನೂ ಬರೆದುಕೊಳ್ಳುತ್ತ, "ಅಲ್ಲಾ, ಇಷ್ಟು ಚೆನ್ನಾಗಿ ಹೇಳೋರು ಸಿಕ್ಕಿದ್ರೆ ನನ್ನ ತಲೆನೋವು ಅರ್ಧ ಕಡಿಮೆ" ಎಂದ.

ಆಮೇಲೆ ಪರದೆಯತ್ತ ನೋಡಿ ನಕ್ಕ. "ಇದೇನು ಮುಲ್ಲೆ, ಕುಬ್ಬಾ? ಕೈರೋದಲ್ಲಿ ಒಬ್ಬ ಕಂಪ್ಯೂಟರಿಗೆಲ್ಲ ತನ್ನ ಹಳೇ ಹುಡುಗೀರ ಹೆಸರಿಟ್ಟಿದ್ದ. ಮದುವೆ ಆದ್ಮೇಲೆ ಒಂದೇ ರಾತ್ರೀಲಿ ಎಲ್ಲ ಬದಲಾಯಿಸ್ದ, ಪಾಪ! ಇವೂ ಹಂಗೇನಾ?"

ಅವನು ಕೆಟ್ಟದ್ದಕ್ಕೆ ಕೇಳಿದ್ದಲ್ಲ. ಮಾವನ ಕಿವಿ ಕಪ್ಪು ಚರ್ಮದಡಿಯಲ್ಲೂ ಕೆಂಪಾದದ್ದು ನನಗೆ ಕಂಡಿತು. ಅವರು ನಕ್ಕರು. "ಹೂಂ, ಹಂಗೇ ಏನೋ. ಕೆಲಸ ಇಲ್ದಾಗ ತಮಾಷೆಗೆ ಮಾಡಿದ್ದು."

"ಹಾಗಾದ್ರೆ ಮುಖ್ಯ ಕಚೇರಿಯ ಸಂಖ್ಯೆಗಳನ್ನೇ ಹಾಕ್ಲಾ?"

"ಹಾಕಿ, ಹಾಕಿ. ಅದೇ ಶಿಸ್ತು."

ಎರಡನೆಯ ದಿನ ಮಧ್ಯಾಹ್ನ ಹೊಸದು ಸಿದ್ಧವಾಯಿತು. ಹಳೆಯ ಯಂತ್ರದ ಮೇಲೆ ಕೈಯಿಟ್ಟು ಹಾಝಿಮ್, "ಇದನ್ನ ಪೂರ್ತಿ ಅಳಿಸಿ ಲುಕ್ಸೋರಿಗೆ ಕಳಿಸ್ಬೇಕು. ಇನ್ನೇನಾದ್ರೂ ಉಳಿದಿದ್ಯಾ ಉಸ್ತಾದ್?" ಎಂದು ಕೇಳಿದ.

ಮಾವ ಕಿಟಕಿಯ ಕಡೆ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಆ ನದಿ..." ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ನಬ್ರಾ, ಕೆಳಗೆ ಹೋಗಿ ಮೂರು ಚಹಾ ಹೇಳ್ಬಾ" ಎಂದರು ಮಾವ. ನಾನು ಬಾಗಿಲು ದಾಟುವಾಗ ಅವರು, "ಇಲ್ಲಪ್ಪ, ಏನೂ ಇಲ್ಲ. ಅಳಿಸಿ" ಎನ್ನುತ್ತಿದ್ದರು.

ಚಹಾ ತರುವಷ್ಟರಲ್ಲಿ ಅಳಿಸಿ ಆಗಿತ್ತು. ಮಾವ ಲೋಟ ಮುಟ್ಟಲಿಲ್ಲ.

ಹೊಸ ಪರದೆ ಅಚ್ಚುಕಟ್ಟಾಗಿತ್ತು. ಚೌಕ ಚೌಕ ದೀಪಗಳು, ಕೆಳಗೆ ಸಂಖ್ಯೆ. ಯಾವುದಕ್ಕೆ ತೊಂದರೆಯೋ ಅದು ತಾನೇ ಮೇಲಿನ ಸಾಲಿಗೆ ಸರಿದು ಬರುತ್ತದೆ, ಸರಿಹೋದರೆ ಕೆಳಗಿಳಿಯುತ್ತದೆ. ಕೆಲಸಕ್ಕೆ ಅದು ಒಳ್ಳೆಯದೇ, ನನ್ನ ಕಣ್ಣಿಗೂ ಶ್ರಮ ಕಡಿಮೆ. ಮಾವ ಮಾತ್ರ ಬೆಳಿಗ್ಗೆ ಬಂದವರು ಅದರ ಮುಂದೆ ಕೋಟನ್ನೂ ಬಿಚ್ಚದೆ ನಿಂತುಬಿಡುತ್ತಿದ್ದರು. ತಾಯಿಗೆ ಫೋನ್ ಮಾಡಿ, "ಈ ಗುರುವಾರ ಬೇಡಮ್ಮ, ಗಲಾಟೆ ಇದೆ, ಮುಂದಿನ ವಾರ ನೋಡೋಣ" ಎಂದರು. ಆ ಕಡೆಯಿಂದ ಬಂದ ಉತ್ತರ ಕೋಣೆಗೆಲ್ಲ ಕೇಳಿಸುವಷ್ಟು ಜೋರಾಗಿತ್ತು.

ಗುರುವಾರ ಆಕೆ ಬಂದೇಬಿಟ್ಟರು. ನೆಲ ಗುಡಿಸುವ ಕಪ್ಪು ಜರ್ಜಾರ್ ನಿಲುವಂಗಿ, ದೊಡ್ಡ ಕಪ್ಪು ಕನ್ನಡಕ. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವ ಮೊದಲೇ, "ಎಲ್ಲಿ ನನ್ನ ಮಗ? ಕಣ್ಣು ಬಂದಿದೆ ಅಂದ್ರೆ ಮುಂದಿನ ವಾರ ಅಂತಾನೆ. ಮುಂದಿನ ವಾರದವರೆಗೆ ನಾನಿರ್ತೀನಿ ಅಂತ ಬರ್ಕೊಟ್ಟಿದೀನಾ?" ಎಂದರು.

ಮಾವ ಎದ್ದು ತಾಯಿಯ ಕೈ ಹಿಡಿದರು. "ಇವತ್ತು ರಿಪೇರಿ ಅಮ್ಮ..."

"ರಿಪೇರಿನಾ? ಎಲ್ಲ ಚೆನ್ನಾಗೇ ನಡೀತಿದೆಯಲ್ಲ" ಎಂದ ಹಾಝಿಮ್. ಅವನಿಗೆ ಗೊತ್ತಿರಲಿಲ್ಲ.

ಹಾಜ್ಜಾ ಕನ್ನಡಕ ತೆಗೆದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. "ನದಿ ಎಲ್ಲೋ ಫಿಕ್ರಿ?" ಆಕೆ ನನ್ನ ಕಡೆ ತಿರುಗಿದರು. "ದಿನಾ ನೋಡೋಳು ನೀನಲ್ವೇನೇ? ಹೇಳು, ನಮ್ಮ ಆರ್ತಿ ಯಾವುದು?"

ಆರ್ತಿ ಎಂದರೆ ಯಾವ ಹೋಟೆಲು ಎಂಬುದು ನನಗೆ ನೆನಪಿತ್ತು. ಬೆರಳು ತೋರಿಸಿದೆ. "ಇದು, ಹಾಜ್ಜಾ."

ತೋರಿಸುತ್ತಿದ್ದಂತೆಯೇ ಆ ದೀಪ ಹಳದಿಯಾಗಿ ಮೇಲಿನ ಸಾಲಿಗೆ ಸರಿದುಹೋಯಿತು. ನನ್ನ ಬೆರಳಿನ ಕೆಳಗೆ ಬೇರೆ ಯಾವುದೋ ಸಂಖ್ಯೆ ಬಂದು ನಿಂತಿತು.

ಹಾಜ್ಜಾ ಅದು ಸರಿದ ಕಡೆಗೆ ಕತ್ತೆತ್ತಿದರು. "ಮತ್ತೆ ಒಕ್ಕಲೆಬ್ಬಿಸಿದ್ರಾ?" ಎಂದು ಕೇಳಿ ತಾವೇ ನಕ್ಕರು. ಬೇರೆ ಯಾರೂ ನಗಲಿಲ್ಲ.

ಆಗ ಮಾವ ಬಾಯಿಬಿಟ್ಟರು. ಮೊದಲು ತಾಯಿಗೆ, ಆಮೇಲೆ ಹಾಝಿಮ್‌ಗೆ. ಅದು ತಮಾಷೆಯಲ್ಲ, ತಮ್ಮ ಊರು. ಅಪ್ಪ ಹೇಳಿದ್ದು, ಅಪ್ಪನ ಗೆಳೆಯರು ಹೇಳಿದ್ದು. ಹಾಝಿಮ್ ಕುರ್ಚಿಯಿಂದ ಎದ್ದು ನಿಂತ.

"ಉಸ್ತಾದ್, ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ! ಆ ಚಿತ್ರ ತೆಗೆದು ಪೆಟ್ಟಿಗೆಗೆ ಹಾಕೋಕೆ ಎಷ್ಟು ಹೊತ್ತು? ನಾನು ಕೇಳ್ದೆ. ಎರಡು ಸಲ ಕೇಳ್ದೆ."

"ಕೇಳಿದ್ರಿ. ನೀವು ಕೇಳಿದ್ದು ಆಫೀಸಿಗೆ ಬೇಕಾದ್ದೇನು ಅಂತ. ನಮ್ಮೂರು ಆಫೀಸಿಗೆ ಯಾಕೆ ಬೇಕು ಅಂದ್ಕೊಂಡೆ." ಮಾವ ಮುಖ ಒರೆಸಿಕೊಂಡರು. "ನೀವು ನಗ್ತಿದ್ರಿ, ನಾನೂ ನಕ್ಕೆ. ನಕ್ಕ ಮೇಲೆ ಬೇಕು ಅಂತ ಹೇಳೋದು ಹೇಗೆ?"

ಹಾಝಿಮ್ ತಲೆ ತಗ್ಗಿಸಿದ. ಆಮೇಲೆ ತನ್ನ ಯಂತ್ರ ತೆರೆದು ಖಾಲಿ ಹಾಳೆಯಂಥದ್ದೊಂದನ್ನು ಪರದೆಗೆ ತಂದ. "ಮತ್ತೆ ಬರೆಯೋಣ. ಈ ಸಲ ಸರಿಯಾದ ಜಾಗದಲ್ಲಿ ಇಡ್ತೀನಿ, ಎಷ್ಟು ಸಲ ತಂತ್ರಾಂಶ ಬದಲಾದ್ರೂ ಹೋಗಲ್ಲ. ಹೇಳಿ ಅಜ್ಜಿ, ನದಿ ಎಲ್ಲಿಂದ ಬರುತ್ತೆ?"

"ಎಲ್ಲಿಂದ ಬರುತ್ತೆ ಅಂದ್ರೆ? ನಮ್ಮ ಬಾಗಿಲ ಮುಂದಿಂದ!" ಆಕೆ ಬೆರಳಿಟ್ಟರು. "ಇದು ನಮ್ಮ ಬಾಗಿಲು. ಇಲ್ಲಿ ನೀರು ಹೊರೋ ದಾರಿ. ಇಲ್ಲಿ ಫೆಂಟಿ. ಇದರ ಪಕ್ಕದಲ್ಲೇ ಮುಲ್ಲೆ."

"ಮುಲ್ಲೆ ಬಹಳ ದೂರ ಅಂತಿದ್ರು ಅಪ್ಪ" ಎಂದರು ಮಾವ.

"ಅದು ನನ್ನ ತವರುಮನೆ. ನಿಮ್ಮಪ್ಪನಿಗೆ ದೂರವೇ ಆಗಿರುತ್ತೆ."

ಹಾಝಿಮ್ ಜೋರಾಗಿ ನಕ್ಕ. ಈ ಸಲ ಮಾವನೂ ನಿಜವಾಗಿ ನಕ್ಕರು. ಹಾಜ್ಜಾ ಹೇಳಿದಂತೆ ಐದು ಕೇರಿಗಳು ಕೂತವು. ಆರನೆಯದಕ್ಕೆ ಆಕೆಯ ಬೆರಳು ಗಾಳಿಯಲ್ಲೇ ನಿಂತಿತು.

"ಆಚೆ ದಡ ನಾನು ನೋಡಿಲ್ಲಪ್ಪ. ದೋಣೀಲಿ ಹೋಗ್ತಿದ್ದೋರು ಗಂಡಸರು. ಅದನ್ನ ನಿಮ್ಮಪ್ಪನ್ನ ಕೇಳ್ಬೇಕು" ಎಂದರು. ಎಂದ ಮೇಲೆ ಬೆರಳನ್ನು ಮೆಲ್ಲಗೆ ನಿಲುವಂಗಿಯ ತೋಳಿನೊಳಗೆ ಎಳೆದುಕೊಂಡರು.

ಮಾವ ಆಚೆ ದಡದ ಹೆಸರುಗಳನ್ನು ಒಂದೊಂದಾಗಿ ಹೇಳಿದರು, ಆದರೆ ಯಾವುದರ ಪಕ್ಕ ಯಾವುದು ಎಂದು ಹಾಝಿಮ್ ಕೇಳಿದಾಗ ಕಣ್ಣು ಮುಚ್ಚಿಕೊಂಡರು. "ದೋಗ್ರಿ ಮೊದಲು... ಅಲ್ಲ, ಕುಬ್ಬಾ. ಕುಬ್ಬಾ ಬಂಡೆಯ ಮೇಲೆ ಇತ್ತು. ಬಂಡೆ ಎಲ್ಲಿತ್ತು?" ಅಷ್ಟು ವರ್ಷ ಎದುರಿಗೇ ಇತ್ತು, ಎದುರಿಗಿದ್ದದ್ದನ್ನು ಅವರು ನೆನಪಿನಲ್ಲಿ ಇಟ್ಟುಕೊಂಡಿರಲಿಲ್ಲ. ನಾನೂ ನೋಡುತ್ತಿದ್ದದ್ದು ಬಣ್ಣವನ್ನು. ಹಾಝಿಮ್ ಅಂದಾಜಿನ ಮೇಲೆ ಇಡಲು ಹೋದ. ಮಾವ ಅವನ ಕೈ ಹಿಡಿದರು. "ಬೇಡ. ಸುಳ್ಳು ಊರು ಬೇಡ."

ಈಗ ದೊಡ್ಡ ಪರದೆಯ ಪಕ್ಕ ಒಂದು ಚಿಕ್ಕ ಪರದೆಯಿದೆ. ಅದರಲ್ಲಿ ನದಿಯ ಈಚೆ ದಡದಲ್ಲಿ ಮಾತ್ರ ಐದು ದೀಪಗಳಿವೆ. ಉಳಿದವಕ್ಕೆಲ್ಲ ಸಂಖ್ಯೆಗಳು. ಅವುಗಳಲ್ಲೊಂದು ಕೆಂಪಾದರೆ ನಾನು ಸಂಖ್ಯೆಯನ್ನೇ ಕೂಗುತ್ತೇನೆ. ಮಾವ ಎದ್ದು ಬಂದು ಸರಿಮಾಡುತ್ತಾರೆ. ಆಮೇಲೆ ತಮ್ಮ ಕುರ್ಚಿಗೆ ಹೋಗದೆ ಆ ಚಿಕ್ಕ ಪರದೆಯ ಖಾಲಿ ದಡದ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ತುಟಿ ಅಲುಗುತ್ತದೆ. ಏನೋ ಹೇಳಲು ಹೊರಟವರು, ಅದಲ್ಲ ಎಂಬಂತೆ ತಲೆಯಾಡಿಸಿ ಹಿಂದಿರುಗುತ್ತಾರೆ.