ಬಣ್ಣ ಕೇಳುವ ಕೆಲಸ

ವೇಟರ್ ಬಂದು ಏನು ಬೇಕು ಎಂದು ಕೇಳಿದರೆ ನಾನು ಮೆನು ಕಾರ್ಡಿನ ಹಿಂದೆ ಮುಖ ಅಡಗಿಸುತ್ತೇನೆ. ಪದವಿ ಮುಗಿಸಿದವಳು ನಾನು, ಡೈರಿಯಲ್ಲಿ ಪುಟಗಟ್ಟಲೆ ಬರೆಯುತ್ತೇನೆ. ಆದರೂ ಗುರುತಿಲ್ಲದವರ ಮುಂದೆ ಎರಡು ಮಾತು ಜೋಡಿಸಲು ಬರುವುದಿಲ್ಲ. ಅದಕ್ಕೇ ಭಾನುವಾರ ಕನ್ನಡಿಯ ಮುಂದೆ ನಿಂತು "ನನಗೂ ಅದೇ" ಎಂದು ಅಭ್ಯಾಸ ಮಾಡುತ್ತಿದ್ದೆ. ಹೋಟೆಲಿನಲ್ಲಿ ಅಕ್ಕ ಏನು ಬೇಕಾದರೂ ತರಹೇಳಲಿ, ಹಿಂದೆಯೇ ನಾನು ಇಷ್ಟು ಅಂದುಬಿಟ್ಟರೆ ಸಾಕು.

"ಕನ್ನಡಿ ಸವೆದುಹೋಗತ್ತೆ, ಬಾರೇ ಮೌನಮ್ಮ!" ಎಂದು ಅಕ್ಕ ಹೊಸಿಲಿನಿಂದ ಕೂಗಿದಳು. "ಇವತ್ತು ಖರ್ಚೆಲ್ಲ ನಂದು. ಕಣ್ಣು ವಾಸಿಯಾದ ಖುಷಿಗೆ."

ಒಳಗಿನಿಂದ ಅಮ್ಮ, "ಅಂತೂ ದೇವರು ಕಣ್ಣು ಬಿಟ್ಟ," ಎಂದಳು. ನಾನು ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿಕೊಂಡೆ.

ಅಕ್ಕ ರಫೂ ಕೆಲಸದವಳು. ಸಿಗರೇಟಿನ ಕಿಡಿ ಬಿದ್ದ ಕೋಟು, ಮೊಳೆಗೆ ಸಿಕ್ಕಿ ಹರಿದ ರೇಷ್ಮೆ ಅವಳ ಕೈಗೆ ಬರುತ್ತವೆ. ಅವಳು ದಾರದ ಬಣ್ಣ ಕೂಡಿಸಿ ಹೊಲಿದ ಮೇಲೆ ತೂತು ಎಲ್ಲಿತ್ತೆಂದು ಕೋಟಿನವರೇ ಹುಡುಕಬೇಕು. ಚಳಿ ಕಳೆಯುವ ಹೊತ್ತಿಗೆ ಅವಳ ಬಣ್ಣಗಳು ಮಂಕಾಗತೊಡಗಿದವು. ಕಣ್ಣಿನ ಹಿಂದಿನ ನರದಲ್ಲಿ ಊತ ಎಂದ ಡಾಕ್ಟರು ಮಾತ್ರೆ ಬರೆದುಕೊಟ್ಟು ನನ್ನ ಕಡೆ ತಿರುಗಿದ್ದರು.

"ದಿನಾ ಬೆಳಿಗ್ಗೆ ದಾರದ ಉಂಡೆ ತೋರಿಸಿ ಬಣ್ಣ ಕೇಳಮ್ಮ. ತಪ್ಪು ಹೇಳೋಕೆ ಶುರು ಮಾಡಿದ್ರೆ ತಕ್ಷಣ ಕರ್ಕೊಂಡು ಬಾ, ಡ್ರಿಪ್ ಹಾಕೋಣ. ತಡ ಮಾಡಿದ್ರೆ ನರ ಸತ್ತುಹೋಗತ್ತೆ."

ಮೊದಮೊದಲು ಎಲ್ಲವನ್ನೂ ಸರಿಯಾಗಿಯೇ ಹೇಳುತ್ತಿದ್ದಳು. ಒಂದು ದಿನ ಕೆಂಪು ಉಂಡೆ ನೋಡಿ "ಕಂದು" ಎಂದಳು. ಅಲ್ಲ ಎಂದೆ. ಅವತ್ತು ಅವಳು ಗೋಡೆಗೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ನಾಳೆ ಇನ್ನೊಂದ್ಸಲ ನೋಡಿಬಿಡೋಣ" ಎಂದಳು. ಮರುದಿನವೂ ಕೆಂಪಿಗೆ ಕಂದು ಎಂದು, ಉಂಡೆ ಬಿಟ್ಟು ನನ್ನ ಮುಖವನ್ನೇ ನೋಡಿದಳು.

"ಸರಿ," ಎಂದುಬಿಟ್ಟೆ.

ಅವತ್ತೊಂದು ದಿನಕ್ಕೆ ಮಾತ್ರ ಅಂದುಕೊಂಡಿದ್ದೆ. ಅವಳು ಎದ್ದಳು, ತಲೆ ಬಾಚಿಕೊಂಡಳು, ಅಮ್ಮನನ್ನು ರೇಗಿಸಿದಳು. ಮಾತ್ರೆ ನಾಟಿದರೆ ನನ್ನ 'ಸರಿ' ತಾನಾಗಿಯೇ ನಿಜವಾಗುತ್ತದೆ ಎಂದು ನಂಬಿಕೊಂಡು, ದಿನಾ ಬೆಳಿಗ್ಗೆ ಅದನ್ನೇ ಹೇಳುತ್ತ ದಿನ ದೂಡಿದೆ.

ಅಕ್ಕ ಕೆಲಸ ಮಾಡುವ ಅಂಗಡಿ ಇರುವುದು ಊರಿನ ಶ್ರೀಮಂತ ಬೀದಿಯ ಹಿಂದಿನ ಓಣಿಯಲ್ಲಿ. ಇಷ್ಟು ವರ್ಷ ಆ ಬೀದಿಯ ಮನೆ, ಅಂಗಡಿಗಳ ಹಿಂಬಾಗಿಲಿಗೆ ಬಟ್ಟೆ ತಲುಪಿಸಿ ಬಂದವಳು ಇವತ್ತು ಮುಂಬಾಗಿಲಿನಿಂದಲೇ ಒಳಗೆ ಹೋಗಬೇಕೆಂದು ಹಟ ಹಿಡಿದಿದ್ದಳು.

ಮೊದಲು ಆರ್ಟ್ ಗ್ಯಾಲರಿ. ನಮ್ಮ ಚಪ್ಪಲಿಯ ಸದ್ದು ನಮಗೇ ಕೇಳುವಷ್ಟು ನಿಶ್ಶಬ್ದ. ಗೋಡೆ ತುಂಬ ಕೆಂಪು ಹೂಗಳ ಬಯಲು ಹರಡಿದ್ದ ಚಿತ್ರದ ಮುಂದೆ ಅಕ್ಕ ಬಹಳ ಹೊತ್ತು ನಿಂತಳು.

"ಒಣಹುಲ್ಲನ್ನ ಇಷ್ಟು ಚೆನ್ನಾಗಿ ಬರೆದಿದಾರಲ್ಲೇ! ಮಳೆ ಕಾಣದ ನೆಲ. ನೋಡಿದ್ರೆ ಬಾಯಾರಿಕೆ ಆಗತ್ತೆ. ಅಲ್ವಾ?"

"ಹೂಂ," ಎಂದೆ. ಮೇಜಿನ ಹಿಂದಿದ್ದ ಹೆಂಗಸು ತಲೆಯೆತ್ತುವಷ್ಟರಲ್ಲಿ ಅಕ್ಕನ ಕೈ ಹಿಡಿದು ಹೊರಗೆ ಕರೆತಂದೆ.

ಬಟ್ಟೆಯಂಗಡಿಯಲ್ಲಿ ಅವಳು ಉಣ್ಣೆಯ ಶಾಲೊಂದನ್ನು ನನ್ನ ಹೆಗಲಿಗೆ ಹೊದಿಸಿದಳು. "ಈ ಬೂದು ನಿಂಗೇ ಹೇಳಿ ಮಾಡಿಸಿದ ಹಾಗಿದೆ. ಯಾರ ಕಣ್ಣಿಗೂ ಬೀಳಬಾರದು ಅಂತಾನೇ ಹುಟ್ಟಿದವಳಲ್ವಾ ನೀನು?"

"ಬೂದಾ?" ಅಂಗಡಿಯ ಹುಡುಗಿ ನಕ್ಕಳು. "ಮೇಡಂ, ಇದು—"

"ಇದನ್ನೇ ಕೊಡಿ!" ಎಂದೆ.

ಅಷ್ಟು ಜೋರಾಗಿ ಯಾರೊಡನೆಯೂ ಮಾತಾಡಿದವಳಲ್ಲ ನಾನು. ಅಕ್ಕ ಬೆರಗಾಗಿ, "ಅಬ್ಬಬ್ಬಾ, ನಮ್ಮ ಮೌನಮ್ಮಂಗೆ ಬಾಯಿ ಬಂತು!" ಎಂದು ಬೆನ್ನು ತಟ್ಟಿದಳು. ಕಡುಗುಲಾಬಿ ಶಾಲು ಹೊದ್ದು ಬೀದಿಗಿಳಿದೆ. ಎದುರಿಗೆ ಬಂದವರೆಲ್ಲ ತಿರುಗಿ ನೋಡುತ್ತಿದ್ದರು.

ಊಟದ ಜಾಗದಲ್ಲಿ ಕುರ್ಚಿ ಎಳೆದು ಕೂರಿಸಿದರು. ಅಗಲವಾದ ಬಿಳಿ ತಟ್ಟೆಯ ನಡುವೆ ಹುರಿದ ಅಣಬೆಯ ಮೂರು ತುಂಡು.

"ಏನಪ್ಪಾ, ಇದು ಊಟಾನೋ, ಊಟದ ಫೋಟೋನೋ?" ಎಂದು ಅಕ್ಕ ವೇಟರನ್ನು ಕೇಳಿದಳು.

ಅವನಿಗೂ ನಗು ತಡೆಯಲಾಗಲಿಲ್ಲ. "ಇದು ಶುರು ಅಷ್ಟೇ ಮೇಡಂ. ಇನ್ನೂ ಬರತ್ತೆ."

"ಬೇಗ ಬರಲಿ. ನಾಳೆ ನಂಗೆ ಕೆಲಸ ಇದೆ."

ಅವನು ಹೋದ ಮೇಲೆ, "ಯಾವ ಕೆಲಸ?" ಎಂದು ಕೇಳಿದೆ.

"ಅಂಗಡಿದು ಕಣೇ. ಯಜಮಾನರಿಗೆ ಬರ್ತೀನಿ ಅಂದಿದೀನಿ. ಯಾರದೋ ಮದುವೆ ಕೋಟಂತೆ, ನನ್ನ ಬಿಟ್ಟು ಇನ್ನೊಬ್ಬರ ಕೈಗೆ ಕೊಡಲ್ಲ ಅಂತ ಇಟ್ಕೊಂಡಿದಾರೆ."

"ನಾಳೆ ಡಾಕ್ಟ್ರು ಬರೋಕೆ ಹೇಳಿದ್ರಲ್ಲ?"

"ಫೋನ್ ಮಾಡಿ ಬೇಡ ಅಂದ್ಬಿಟ್ಟೆ. ತಂಗಿ ದಿನಾ ಕೇಳ್ತಾಳೆ, ಒಂದೂ ತಪ್ಪಿಲ್ಲ ಅಂದೆ. ಹಾಗಾದ್ರೆ ಈಗ ಬರೋದು ಬೇಡ ಅಂದ್ರು." ಅಣಬೆಯ ತುಂಡೊಂದನ್ನು ನನ್ನ ತಟ್ಟೆಗೆ ದಾಟಿಸಿದಳು. "ನಿಜ ಹೇಳ್ತೀನಿ, ನಂಗೆ ಈಗಲೂ ಎಲ್ಲ ಮಬ್ಬುಮಬ್ಬೇ. ಹೆದರಿಕೆ ಆಗ್ತಿತ್ತು. ಆದ್ರೆ ನೀನು ಸರಿ ಅಂತೀಯಲ್ಲ, ಅದನ್ನೇ ಹಿಡ್ಕೊಂಡು ಎದ್ದೆ ಕಣೇ. ನಂಗೆ ಸುಳ್ಳು ಹೇಳದೋಳು ಅಂದ್ರೆ ನೀನೊಬ್ಬಳೇ."

ಅಣಬೆಯನ್ನು ತಟ್ಟೆಯ ಅಂಚಿಗೆ ಸರಿಸಿದೆ. ಪಕ್ಕದ ಮೇಜಿನಲ್ಲಿ ಯಾರೋ ಗಾಜಿನ ಲೋಟಗಳನ್ನು ತಾಗಿಸಿ ನಕ್ಕರು. ಅಕ್ಕ ಉಪ್ಪಿನ ಡಬ್ಬಿಗಾಗಿ ಬೆರಳುಗಳಿಂದ ಮೇಜು ತಡವುತ್ತಿದ್ದಳು. ತಡವುತ್ತಿರುವುದು ಅವಳಿಗೇ ಗೊತ್ತಿರಲಿಲ್ಲ. ಈಗಾಗಲೇ ತಡವಾಗಿರಬಹುದು. ಆಗಿಲ್ಲದೆಯೂ ಇರಬಹುದು. ನಾಳೆ ಬೆಳಿಗ್ಗೆ ಹೇಳಿದರಾಯಿತು ಎಂದು ಮನಸ್ಸು ಎಂದಿನಂತೆ ನುಣುಚಿಕೊಳ್ಳಲು ನೋಡಿತು. ನಾನು ಮೇಜಿನ ಮೇಲೆ ಅವಳ ಕೈ ಹಿಡಿದುಕೊಂಡೆ.

"ಏನೇ? ಕೈಯೆಲ್ಲ ತಣ್ಣಗಾಗಿದೆ."

"ಅಕ್ಕಾ," ಎಂದೆ. "ನಿನ್ನ ಕಣ್ಣು ವಾಸಿಯಾಗಿಲ್ಲ."