ಮಗು ಹುಟ್ಟುವವರೆಗಿನ ಗಡ್ಡ

ಬೊಂಡದ ನೀರು ಸಿಹಿ ಉಂಟು, ಅದನ್ನು ಒಪ್ಪಲೇಬೇಕು, ಎಡಗೆನ್ನೆ ಉರಿಯುವುದರಿಂದ ಸ್ಟ್ರಾವನ್ನು ಬಾಯಿಯ ಬಲಮೂಲೆಗೆ ತಳ್ಳಿ ಹೀರುತ್ತಿದ್ದೇನೆ, ಹೊಡೆದವನೇ ಓಡಿಹೋಗಿ ತಂದ ಎಳನೀರಿನ ಬೊಂಡ, ಠಾಣೆಯ ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಾನೆ, ತರುಣ್ ಅಂತೆ ಹೆಸರು, ಇನ್ನೊಂದು ತರ್ಲಾ ಅಣ್ಣ ಎನ್ನುತ್ತಾನೆ — ಬೆಳಿಗ್ಗೆ ಇದೇ ಕೈ ಗಾಳಿಯಲ್ಲಿ ಎದ್ದು ಒಂದು ಕ್ಷಣ ನಿಂತಿತ್ತು, ಹೆಸರೆಂತ ನಿನ್ನದು, ನಿಂತದ್ದು ನನ್ನ ಉತ್ತರಕ್ಕೆ, ನನ್ನ ಬಾಯಿಯಲ್ಲಿ ಸುಡುವ ಗೋಳಿಬಜೆ, ಉಗುಳುವುದೋ ನುಂಗುವುದೋ, ಶೋಧನ್ ಶೆಟ್ಟಿ ಎಂಬುದು ಅದರ ಹಿಂದೆ ಸಿಕ್ಕಿಕೊಂಡಿತ್ತು, ಕೈಗೆ ಅಷ್ಟು ತಾಳ್ಮೆ ಇರಲಿಲ್ಲ. ಎಲ್ಲ ಈ ಗಡ್ಡದಿಂದ, ಹೆಂಡತಿ ಬಸುರಿ ಇರುವಾಗ ಗಂಡ ಗಡ್ಡ ತೆಗೆಯಬಾರದು ಎಂದು ಅಮ್ಮನ ಆಜ್ಞೆ, ಮಗು ಹುಟ್ಟುವವರೆಗೆ ಕ್ಷೌರದಂಗಡಿಯ ಕಡೆ ತಿರುಗಿಯೂ ನೋಡಬೇಡ, ಬಂಟ್ವಾಳದಲ್ಲಿ ನನ್ನ ಗಡ್ಡ ಕಂಡವರು ಎಷ್ಟನೇ ತಿಂಗಳು ಎಂದು ಕೇಳುತ್ತಾರೆ, ಧರ್ಮಸ್ಥಳದ ದಾರಿಯ ಕ್ಯಾಂಟೀನಿನಲ್ಲಿ ಯಾರು ಕೇಳಬೇಕು, ಸಾಲದ್ದಕ್ಕೆ ನೌಫಲನ ಕಾರು, ನನ್ನೊಟ್ಟಿಗೆ ಮೊಬೈಲ್ ಅಂಗಡಿ ನಡೆಸುವ ನೌಫಲ್, ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮ, ಸಾತ್ವಿಕಾಳನ್ನು ಬೈಕಿನಲ್ಲಿ ಕುಲುಕಿಸಬೇಡ ಮಾರಾಯ ಎಂದು ತಾನಾಗಿ ಕೀ ಕೊಟ್ಟದ್ದು, ಹಿಂದಿನ ಗಾಜಿನಲ್ಲಿ ೭೮೬ ಅಂತ ಇಷ್ಟು ದೊಡ್ಡ ಸ್ಟಿಕ್ಕರ್ — ಗಡ್ಡ, ಸ್ಟಿಕ್ಕರ್, ಕುಂಕುಮ ಇಟ್ಟ ಹೆಂಗಸು, ಇಬ್ಬರ ಕೈಯೂ ಒಂದೇ ಪ್ಲೇಟಿನಲ್ಲಿ, ಹೊಟ್ಟೆ ಮೇಜಿನ ಮರೆಯಲ್ಲಿ, ತರುಣನೂ ಸೇರಿ ಮೂವರು ಹುಡುಗರು ಲೆಕ್ಕ ಸರಿಯಾಗಿಯೇ ಕೂಡಿಸಿದ್ದಾರೆ, ಉತ್ತರ ಮಾತ್ರ ತಪ್ಪು, ಬ್ಯಾರಿ, ನಿನಗೆ ನಮ್ಮ ಹುಡುಗಿಯೇ ಬೇಕಾ, ಪಟಾರ್. ಆಗ ಸಾತ್ವಿಕಾ ಎದ್ದಳು, ಅವಳಿಗಿಂತ ಮೊದಲು ಏಳು ತಿಂಗಳ ಹೊಟ್ಟೆ ಎದ್ದಿತು, ಮೂವರೂ ಹಿಂದೆ ಸರಿದರು, ೧೧೨ಕ್ಕೆ ಫೋನ್ ಹಚ್ಚುತ್ತಲೇ ತನ್ನ ತವರಿನ ಗುತ್ತಿನ ಮನೆತನದ ಹೆಸರು ಸೇರಿಸಿ ತುಳುವಿನಲ್ಲಿ ಬೈದಳು, ಬೈಗುಳ ಕೇಳಿದ ಮೇಲೆ ಅವರಿಗೆ ಖಾತ್ರಿಯಾಯಿತು, ಅಯ್ಯೋ, ನಮ್ಮವರೇ.

ಈಗ ಎಲ್ಲರೂ ನಗುತ್ತಿದ್ದಾರೆ, ಸಾತ್ವಿಕಾಳ ಅಪ್ಪ ಮುಂಡಪ್ಪ ಮಾವ ಬಂದದ್ದು ಸಿಟ್ಟಿನಲ್ಲಿಯೇ, ತರುಣನ ಅಮ್ಮನ ಊರು ಕೇಳಿದರು, ಮನೆ ಕೇಳಿದರು, ದೂರದ ನಂಟು ಸಿಕ್ಕಿತು, ಅಳಿಯನ ಕೆನ್ನೆ ಅಲ್ಲಿಗೆ ಮರೆತುಹೋಯಿತು, ಗೊತ್ತಿಲ್ಲದೆ ಆದದ್ದು, ರಾಜಿ ಮಾಡುವ ಎಂದರು. ದೂರು ಬರೆದುಕೊಳ್ಳುವ ಪೊಲೀಸರು ಓದಿ ಹೇಳುತ್ತಾರೆ, ಕಾರು ನಿಲ್ಲಿಸುವ ವಿಚಾರದಲ್ಲಿ ಮಾತಿಗೆ ಮಾತು ಬೆಳೆದು — ಎಂತ ಮಾತು, ನನ್ನ ಬಾಯಿಯಲ್ಲಿ ಗೋಳಿಬಜೆ ಇತ್ತಲ್ಲ. ಹೊಡೆಯುವಾಗ ಅವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಿರಿ, ಇಲ್ಲದಿದ್ದರೆ ಇದು ಬರೀ ಜಗಳ, ಹೊಡೆದದ್ದು ಯಾಕೆ ಅಂತ ಎಲ್ಲಿಯೂ ಇರುವುದಿಲ್ಲ, ಸಾತ್ವಿಕಾ ಅಪ್ಪನ ಮುಖ ನೋಡದೆ ಹೇಳುತ್ತಾಳೆ, ಆದರೆ ನಿಮ್ಮ ಯಜಮಾನರು ಬ್ಯಾರಿ ಅಲ್ಲವಲ್ಲಮ್ಮ ಎಂದು ಪೊಲೀಸರು, ಅಲ್ಲ, ಆದರೆ ಅವ ಹೊಡೆದದ್ದು ಬ್ಯಾರಿಗೇ, ಕೆನ್ನೆ ಮಾತ್ರ ಇವರದ್ದು. ಗಾಯ ತೋರಿಸಿ ಎನ್ನುತ್ತಾರೆ, ಗಾಯ ಗಡ್ಡದ ಒಳಗೆ ಉಂಟು, ಡಾಕ್ಟರು ನೋಡಬೇಕಾದರೆ ಬೋಳಿಸಬೇಕಾಗಬಹುದು, ಸರ್ಕಾರವನ್ನು ಎದುರು ಹಾಕಿಕೊಳ್ಳಬಹುದು, ಅಮ್ಮನನ್ನು ಯಾರು ನಿಭಾಯಿಸುವುದು. ಫೋನು, ನೌಫಲ್, ನಡೆದದ್ದನ್ನು ಬೊಂಡದವರೆಗೆ ಹೇಳುತ್ತೇನೆ, ಕಾರಿಗೆ ಎಂತ ಆಗ್ಲಿಲ್ಲ ತಾನೇ, ನನ್ನ ಪೆಟ್ಟು ನೀನು ತಿಂದೆಯಲ್ಲ ಮಾರಾಯ, ಪೆಟ್ರೋಲ್ ನನ್ನ ಲೆಕ್ಕ, ನಗುತ್ತಾನೆ, ನಾನೂ ನಗುತ್ತೇನೆ, ಕೆನ್ನೆ ನೋಯುತ್ತದೆ, ಒಂದು ಕೇಳ್ತೇನೆ ಶೋಧನ್, ನಾನೇ ಆಗಿದ್ದರೆ ಬೊಂಡ ಸಿಗ್ತಿತ್ತಾ, ಮತ್ತೆ ಅವನೇ ಮಾತು ತಿರುಗಿಸುತ್ತಾನೆ, ರಾಜಿ ಮಾಡು ಬಿಡು, ನಿನ್ನಿಷ್ಟ, ಬುಧವಾರ ಉಜಿರೆಗೆ ಮಾಲು ಕೊಡ್ಲಿಕ್ಕೆ ಅದೇ ದಾರಿಯಲ್ಲಿ ನನಗೆ ಹೋಗ್ಲಿಕ್ಕುಂಟು, ಕಾರು ಬೇಗ ತಾ.

ಬುಧವಾರ, ಅದೇ ಕಾರು, ಅದೇ ಸ್ಟಿಕ್ಕರ್, ಅವನ ಬಾಯಿಯಲ್ಲಿ ಗೋಳಿಬಜೆ ಇಲ್ಲದಿದ್ದರೂ ಏನು ಪ್ರಯೋಜನ — ತರುಣ್ ನನ್ನ ಮೊಣಕೈ ಮುಟ್ಟುತ್ತಾನೆ, ಅಣ್ಣ, ನೀವು ಹೆಸರು ಹೇಳಿದ್ದರೆ ಕೈ ಇಳಿಸ್ತಿದ್ದೆ, ದೇವರಾಣೆ, ನಂಬುತ್ತೇನೆ, ಅದೇ ತೊಂದರೆ. ಬರೆಯಿರಿ ಎಂದೆ, ಕಾರು ನಿಲ್ಲಿಸಿದಲ್ಲಿಂದ ಅಲ್ಲ, ಬ್ಯಾರಿ ಎಂದಲ್ಲಿಂದ ಬರೆಯಿರಿ, ಒಂದು ಪ್ರತಿ ನನಗೂ ಬೇಕು, ಮಾವ ಕುರ್ಚಿ ಕಿರುಗುಟ್ಟಿಸಿ ಹೊರಗೆ ಹೋದರು, ಸಾತ್ವಿಕಾ ಚಪ್ಪಲಿ ಕಳಚಿ ಕಾಲು ಚಾಚಿದಳು, ಪೊಲೀಸರು ನಿಟ್ಟುಸಿರು ಬಿಟ್ಟು ಹೊಸ ಹಾಳೆ ತೆಗೆದರು, ಬೊಂಡ ಖಾಲಿ, ಸ್ಟ್ರಾ ಗೊರಗೊರ ಎನ್ನುತ್ತಿದೆ, ಹೆಸರು ಹೇಳಿ ಎನ್ನುತ್ತಾರೆ, ಈಗ ಬಾಯಿಯಲ್ಲಿ ಏನೂ ಇಲ್ಲ, ಆದರೂ ಹೊರಡುತ್ತಿಲ್ಲ, ಹೆಸರು, ಹೆಸರು — ಗಾಳಿಯಲ್ಲಿ ಆ ಕೈ, ಎತ್ತಿದ್ದು ಎತ್ತಿದ ಹಾಗೆಯೇ, ಹೆಸರಿಗೆ ಕಾಯುತ್ತಿರುವ ಕೈ