ಕೆಳದವಡೆಯ ನಾಲ್ಕನೆಯ ಹಲ್ಲು

ಮೊಸಳೆ ಅಂದರೆ ಮೊಸಳೆ, ಅದರಲ್ಲೇನು ವ್ಯತ್ಯಾಸ ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಮಾತು ಮೊದಲು ಕೇಳಿದ್ದು ನಮ್ಮ ಕಾಲೇಜು ಮ್ಯೂಸಿಯಂಗೆ ಹೊಸದಾಗಿ ಬಂದ ಸೂಪರಿಂಟೆಂಡೆಂಟ್ ಬಸವರಾಜು ಅವರ ಬಾಯಲ್ಲಿ. ಅಲ್ಲಿಯವರೆಗೆ ಕಚೇರಿಯಲ್ಲಿ ಕಡತ ಕಟ್ಟಿಕೊಂಡಿದ್ದವರನ್ನು ತಂದು ಪ್ರಾಣಿಗಳ ಉಸ್ತುವಾರಿಗೆ ಕೂರಿಸಿದ್ದರು.

ನಾನು ಅಲ್ಲಿ ಅಟೆಂಡರ್. ಗಂಡ ತೀರಿಕೊಂಡ ಮೇಲೆ, ಸಾವಿರದ ಒಂಬೈನೂರ ಐವತ್ತೊಂದರಲ್ಲಿ, ಅವರ ಕೆಲಸ ನನಗೆ ಬಂತು. ದಿನಾ ಬೋಗಾದಿಯಿಂದ ನಡೆದು ಬಂದು ಬೀಗ ತೆಗೆಯುತ್ತಿದ್ದೆ, ಧೂಳು ಹೊಡೆಯುತ್ತಿದ್ದೆ. ಅಕ್ಷರ ಕಲಿತದ್ದೂ ಅಲ್ಲೇ, ತಲೆಬುರುಡೆಗಳ ಕೆಳಗೆ ಅಂಟಿಸಿದ್ದ ಚೀಟಿಗಳಿಂದ. ಕಲಿಸಿದವರು ಪ್ರಾಣಿಶಾಸ್ತ್ರದ ಶಿವಲಿಂಗಯ್ಯ ಮೇಷ್ಟ್ರು.

ಕಿಟಕಿ ಪಕ್ಕದ ಬೀರು ಅವರ ಜೀವಮಾನದ ಗಳಿಕೆ. ಅದರಲ್ಲಿ ಗಂಗೆಯ ಘರಿಯಾಲ್ ಮೊಸಳೆಯ ಬುರುಡೆ ಇತ್ತು, ಮೂತಿ ಕೊಳಲಿನಷ್ಟು ಸಪೂರ, ಮೀನು ಹಿಡಿಯುವುದಕ್ಕೆ ಸೂಜಿಯಂಥ ಹಲ್ಲು. ಸುಂದರಬನದ ಉಪ್ಪುನೀರಿನ ಮೊಸಳೆ ಇತ್ತು. ಅಮೆರಿಕದ ಅಲಿಗೇಟರ್, ಅದರ ಪಕ್ಕದಲ್ಲೇ ತಲಕಾಡಿನ ಹತ್ತಿರ ಸತ್ತು ತೇಲಿದ್ದ ನಮ್ಮ ಕಾವೇರಿಯ ಮೊಸಳೆ. ಮೇಲಿನ ಹಲಗೆಯಲ್ಲಿ ಶಿವಾಲಿಕ್ ಬೆಟ್ಟದ ಕಲ್ಲಿನಲ್ಲಿ ಸಿಕ್ಕ ಪುರಾತನ ಮೊಸಳೆಯ ದವಡೆಯ ಪ್ಲಾಸ್ಟರ್ ಅಚ್ಚು. "ಅಂಥದ್ದು ಈಗ ಭೂಮಿ ಮೇಲೆ ಒಂದೂ ಇಲ್ಲ ಕಣಮ್ಮ. ಕಾಲೇ ದೋಣಿ ಹುಟ್ಟಿನ ಥರ ಆಗಿ, ಸಮುದ್ರದಲ್ಲೇ ಬದುಕಿದವೂ ಇದ್ವು. ಉಳಿದಿರೋದು ಬೆರಳೆಣಿಕೆ," ಎನ್ನುತ್ತಿದ್ದರು ಮೇಷ್ಟ್ರು.

ಕಾವೇರಿಯದೂ ಅಮೆರಿಕದ್ದೂ ಎರಡೂ ಅಗಲ ಮೂತಿಯವು. ಬೇರೆ ಮಾಡುವ ಗುರುತನ್ನು ಮೇಷ್ಟ್ರು ನನಗೆ ಮೊದಲ ವಾರವೇ ತೋರಿಸಿದ್ದರು. ಬಾಯಿ ಮುಚ್ಚಿದಾಗ ಕೆಳದವಡೆಯ ನಾಲ್ಕನೆಯ ಹಲ್ಲು ನಮ್ಮದಕ್ಕೆ ಹೊರಗೆ ಕಾಣುತ್ತದೆ, ಮೇಲ್ದವಡೆಯ ಕೊರಕಲಿನಲ್ಲಿ ಕೂತಿರುತ್ತದೆ. ಅಲಿಗೇಟರಿನದು ಒಳಗೆ ಅಡಗಿಬಿಡುತ್ತದೆ.

ಮೇಷ್ಟ್ರು ನಿವೃತ್ತರಾಗಿ ಯಾದವಗಿರಿಯಲ್ಲಿದ್ದರು. ಎರಡೂ ಕಣ್ಣು ಹೋಗಿದ್ದವು. ಆದರೂ ಪ್ರತಿ ಆಯುಧಪೂಜೆಗೆ ಜಟಕಾದಲ್ಲಿ ಬಂದು, ಒಂದೊಂದೇ ಬುರುಡೆಯನ್ನು ಬೆರಳಿನಿಂದ ಮುಟ್ಟಿ ಹೆಸರು ಹೇಳುತ್ತಿದ್ದರು. ವರ್ಷಕ್ಕೆ ಅವರಿಗಿದ್ದ ಸಂತೋಷ ಅದೊಂದೇ.

ಐವತ್ತೆಂಟರ ಆಯುಧಪೂಜೆಗೆ ಎಲ್ಲವನ್ನೂ ಉಜ್ಜಿ ಹೊಳೆಯಿಸಬೇಕೆಂದು ಬಸವರಾಜು ಅವರ ಹುಕುಂ ಆಯಿತು. ಬೀರುಗಳಿಗೆ ಪಾಲಿಶ್ ಹಾಕಲು ಬಡಗಿ ಪುಟ್ಟಸ್ವಾಮಿ ಬಂದ. ನಾನು ಮಾರ್ಕೆಟ್ಟಿಗೆ ಹೋಗಿ ಚೆಂಡುಹೂ ತರುವಷ್ಟರಲ್ಲಿ ಅವನ ಕೈಯಲ್ಲಿ ಕಬ್ಬಿಣದ ಅರ ಇತ್ತು, ನೆಲದ ಮೇಲೆ ಬಿಳಿ ಪುಡಿ ಬಿದ್ದಿತ್ತು.

"ಅಯ್ಯೋ, ಏನ್ ಮಾಡ್ಬುಟ್ರಿ ಪುಟ್ಟಸ್ವಾಮಣ್ಣ!"

"ಸಾಹೇಬ್ರು ಹೇಳಿದ್ರು ಕಣವ್ವ. ಪಕ್ಕದ್ದಕ್ಕೆ ಸರಿಸಮ ಮಾಡು ಅಂದ್ರು."

ಕಾವೇರಿ ಮೊಸಳೆಯ ನಾಲ್ಕನೆಯ ಹಲ್ಲು ಎರಡೂ ಕಡೆ ಬುಡದವರೆಗೆ ಮಾಯವಾಗಿತ್ತು. ನಾನು ನೇರವಾಗಿ ಬಸವರಾಜು ಅವರ ಮುಂದೆ ಹೋಗಿ ನಿಂತೆ.

"ಮೊಸಳೆ ಅಂದ್ರೆ ಮೊಸಳೆ ಕಣಮ್ಮ," ಎಂದರು ಅವರು, ತಲೆ ಎತ್ತದೆ. "ಯಾರೋ ಸೊಟ್ಟಗೆ ಅಂಟಿಸಿದ್ರು, ಸರಿ ಮಾಡಿಸ್ದೆ. ಆ ಮುದುಕರಿಗೆ ಕಣ್ಣು ಕಾಣಲ್ಲ. ನೀನು ಅವರ ಮುಂದೆ ಬಾಯಿ ಬಿಟ್ಟರೆ ಮಾರನೆ ದಿನದಿಂದ ಇಲ್ಲಿಗೆ ಬರಬೇಡ."

ಮನೆಯಲ್ಲಿ ಉಣ್ಣುವ ಬಾಯಿ ಮೂರು. ನಾನು ಬಾಯಿ ಮುಚ್ಚಿಕೊಂಡೆ. ಆ ದಿನಗಳಲ್ಲಿ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಪೂಜೆಯ ದಿನ ಮೇಜಿನ ಮೇಲೆ ಕತ್ತರಿ, ಚಾಕು, ಗರಗಸ, ಉಳಿ, ಹಲ್ಲು ತೇಯ್ದ ಆ ಅರ, ಎಲ್ಲವನ್ನೂ ಸಾಲಾಗಿ ಜೋಡಿಸಿ ಪುಟ್ಟಸ್ವಾಮಿ ಕುಂಕುಮ ಇಟ್ಟಿದ್ದ. ಅರಕ್ಕೂ ಕುಂಕುಮ, ಅದರ ಮೇಲೊಂದು ಚೆಂಡುಹೂ!

ಮೇಷ್ಟ್ರು ಬಂದರು. ಘರಿಯಾಲ್ ಮುಟ್ಟಿ ನಕ್ಕರು. ಉಪ್ಪುನೀರಿನದರ ಹೆಸರು ಹೇಳಿದರು, ಅಲಿಗೇಟರಿನದನ್ನೂ ಹೇಳಿದರು. ಕಾವೇರಿಯದರ ಮೇಲೆ ಬೆರಳು ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು, ಮತ್ತೆ ಆ ಕೊರಕಲಿಗೇ ಹೋಯಿತು.

"ಕಣ್ಣು ಹೋಗಿತ್ತು. ಈಗ ಬೆರಳೂ ಹೋಯ್ತಲ್ಲ ಚೆಲುವಮ್ಮ," ಎಂದರು. "ನಮ್ಮ ಕಾವೇರಿಯದರ ಹಲ್ಲೇ ನನಗೆ ಸಿಗ್ತಾ ಇಲ್ಲ. ಇನ್ನು ನಾನು ಬರೋದು ಬೇಡ."

"ವಯಸ್ಸಾಯ್ತಲ್ಲ ಸಾರ್," ಎಂದರು ಬಸವರಾಜು, ಬಹಳ ಮೃದುವಾಗಿ.

ಆ ಮೃದು ಮಾತನ್ನು ನಾನು ತಡೆದುಕೊಳ್ಳಲಾರದೆ ಹೋದೆ. ಸಾಲಿನಿಂದ ಅರವನ್ನು ಎತ್ತಿ ಮೇಷ್ಟ್ರ ಅಂಗೈಯಲ್ಲಿಟ್ಟೆ.

"ನಿಮ್ಮ ಬೆರಳಿಗೆ ಏನೂ ಆಗಿಲ್ಲ ಮೇಷ್ಟ್ರೇ. ಇದು ಅರ. ಇದ್ರಲ್ಲಿ ಆ ಹಲ್ಲು ಉಜ್ಜಿ ಹಾಕವ್ರೆ. ಉಜ್ಜಿಸಿದೋರು ನಿಮ್ಮ ಪಕ್ಕದಲ್ಲೇ ನಿಂತವ್ರೆ."

"ಚೆಲುವಮ್ಮ!" ಎಂದು ಬಸವರಾಜು ಗದರಿದರು. ಮೇಷ್ಟ್ರು ಆ ಕಡೆ ತಿರುಗಲೇ ಇಲ್ಲ. ಅರದ ಮೇಲೆ ಬೆರಳಾಡಿಸಿದರು. ಅದರ ಗೀರುಗಳಲ್ಲಿ ಬಿಳಿ ಪುಡಿ ಇನ್ನೂ ಮೆತ್ತಿಕೊಂಡಿತ್ತು.

"ಎರಡೂ ಕಡೆನಾ?"

"ಎರಡೂ ಕಡೆ."

ಅವರು ಎಡಗೈಯಿಂದ ಆ ಬುರುಡೆಯನ್ನು ಸವರಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ತರಗತಿಯಲ್ಲಿ ಹೇಳುತ್ತಿದ್ದ ಗಟ್ಟಿ ದನಿಯಲ್ಲೇ ಹೇಳಿದರು: "ಕಾವೇರಿಯದು. ಗಂಡು. ತಲಕಾಡು."

ನಾನು ಸೊಂಟದಿಂದ ಮ್ಯೂಸಿಯಂನ ಬೀಗದ ಕೈ ಗೊಂಚಲು ಬಿಚ್ಚಿ, ಸಾಲಿನಲ್ಲಿ ಅರ ಇದ್ದ ಜಾಗದಲ್ಲಿಟ್ಟು, ಮೇಷ್ಟ್ರ ಕೈ ಹಿಡಿದುಕೊಂಡು ಜಟಕಾದ ಕಡೆ ನಡೆದೆ.